ಮಾತು ಬಿಟ್ಟು ಕುಣಿಸಿದ ಕಾರಂತರು

ಕಡಲತೀರದ ಭಾರ್ಗವ ಡಾ. ಶಿವರಾಮ ಕಾರಂತರೆಂದೊಡನೆ ‘ಚೋಮನ ದುಡಿ’, ‘ಮೂಕಜ್ಜಿಯ ಕನಸುಗಳು’ ನೆನಪಾಗುತ್ತವೆ. ಅವರು ಗೆಜ್ಜೆ ಕಟ್ಟಿ ಕುಣಿದವರೆಂಬುದು ಇಲ್ಲಿ ಸೌದಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗಿರಲಿ, ನಮ್ಮಲ್ಲೇ ಹಲವರಿಗೆ ತಿಳಿಯದು.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಉಡುಪಿ ಸೀಮೆಯ ಕೋಟದಲ್ಲಿ. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ಮುಂದೆ ಪುತ್ತೂರಿನಲ್ಲಿ ನೆಲೆಸಿ, ಬಾಲವನ ಕಟ್ಟಿ, ನಾಟಕ ನೃತ್ಯಗಳ ಪ್ರಯೋಗಕ್ಕಿಳಿದರು. ಸತ್ತ ಮಗುವನ್ನೆತ್ತಿಕೊಂಡು ಮನೆಮನೆಗೆ ಸಾಸಿವೆ ಬೇಡುವ ತಾಯಿಯ ಕಥೆಯನ್ನು ‘ಕಿಸಾಗೋತಮಿ’ ಎಂಬ ಗೀತನಾಟಕವಾಗಿ ಬರೆದರು.

ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟಕ್ಕೇ ಸುಮ್ಮನಾಗದೆ, ತಾವು ಬರೆದ ಕಲೆಯನ್ನೇ ಬ್ಯಾಲೆಯಾಗಿ ರಂಗಕ್ಕೆ ತಂದರು. ರಾತ್ರಿಯಿಡೀ ನಡೆಯುವ ಆಟ ಕೆಲವೇ ಗಂಟೆಗಳಿಗೆ ಇಳಿಯಿತು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿದವು. ಎಲ್ಲಕ್ಕಿಂತ ದೊಡ್ಡ ಸಾಹಸವೆಂದರೆ ಪಾತ್ರಗಳ ಮಾತನ್ನೇ ತೆಗೆದದ್ದು.

ಮಾತಿಲ್ಲದ ಮೇಲೆ ಅದೆಂತಹ ಯಕ್ಷಗಾನವೆಂದು ಮುನಿದವರಿದ್ದರು. ತಾಳಮದ್ದಲೆಯ ರುಚಿ ಹತ್ತಿದ ನನಗೂ ಆ ಆಕ್ಷೇಪ ಪೂರ್ತಿ ಸುಳ್ಳೆನಿಸುವುದಿಲ್ಲ. ಅರ್ಥಗಾರಿಕೆಯ ವಾದ, ವಿನೋದ ಎರಡೂ ಹೋದವು. ಆದರೆ ಅವರು ಆಡಿಸಿದ ನಳದಮಯಂತಿ ಪ್ರಸಂಗವನ್ನೇ ನೋಡಿ. ಕಾಡಿನಲ್ಲಿ ನಿದ್ರಿಸುತ್ತಿರುವ ಹೆಂಡತಿಯನ್ನು ಬಿಟ್ಟು ಹೊರಡುವ ನಳನ ಮನಸ್ಸು ಹೋಗೆನ್ನುತ್ತದೆ, ನಿಲ್ಲೆನ್ನುತ್ತದೆ. ಆ ತುಯ್ತವನ್ನು ವಾದ ಮಾಡಿ ಹೇಳಬೇಕೆ? ಮುಂದಿಟ್ಟ ಹೆಜ್ಜೆ ಹಿಂದೆ ಸರಿದರೆ, ಕಣ್ಣು ತಿರುಗಿ ನೋಡಿದರೆ ಸಾಕು. ಭಾಗವತರ ಹಾಡಿದೆ, ಮದ್ದಲೆಯ ನಡೆಯಿದೆ. ವೈದ್ಯನಾಗಿ ಇದು ನನಗೆ ಹೊಸದಲ್ಲ. ಇಲ್ಲಿ ರೋಗಿಯ ಭಾಷೆ ಒಂದು, ನಮ್ಮದೊಂದು. ದುಭಾಷಿ ಬರುವ ಮೊದಲೇ ಮುಖ, ಕೈ ಅರ್ಧ ಹೇಳಿರುತ್ತವೆ.

ಕನ್ನಡವರಿಯದ ಹೊರನಾಡುಗಳಿಗೂ ತಂಡ ಕರೆದೊಯ್ದರು. 1977ರಲ್ಲಿ ಜ್ಞಾನಪೀಠ ಬಂತು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಹಿಂದಿರುಗಿಸಿದ ಈ ನಿಷ್ಠುರ ಮನುಷ್ಯ ಕಲಾವಿದರಿಗೂ ಸುಲಭದ ಗುರುವಾಗಿರಲಾರರು! ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು.

ರಜೆಗೆ ಊರಿಗೆ ಹೋದಾಗ ಉಡುಪಿಯ ಇಂದ್ರಾಳಿಯಲ್ಲಿರುವ ಯಕ್ಷಗಾನ ಕೇಂದ್ರಕ್ಕೊಮ್ಮೆ ಹೋಗಿ ಬನ್ನಿ. ಕನ್ನಡ ಸರಿಯಾಗಿ ಬಾರದ ಮಗುವನ್ನೇ ಮುಂದೆ ಕೂಡಿಸಿ.