ಹರಿಹರದ ದಾರಿಯಲ್ಲಿ ಬಂದ ವೈದ್ಯನು

ನಮ್ಮ ಸೀಮೆಯ ಮಣ್ಣನ್ನೂ ಬೆಳೆಯನ್ನೂ ಕೈಗಾರಿಕೆಯನ್ನೂ ವಿಚಾರಿಸುವದಕ್ಕಾಗಿ ಇನ್ನೂರಕ್ಕೂ ಹೆಚ್ಚು ವರುಷಗಳ ಹಿಂದೆ ಹರಿಹರಕ್ಕೂ ದಾವಣಗೆರೆಗೂ ಬಂದ ಒಬ್ಬ ವೈದ್ಯನ ಚರಿತ್ರೆಯನ್ನು ಈ ತಿಂಗಳು ಪ್ರಿಯ ವಾಚಕರ ಮುಂದಿಡುತ್ತೇವೆ.

ಫ್ರಾನ್ಸಿಸ್ ಬುಕಾನನನು 1762ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, 1783ರಲ್ಲಿ ಎಡಿನ್‌ಬರೋ ವಿದ್ಯಾಲಯದ ವೈದ್ಯಪದವಿಯನ್ನು ಹೊಂದಿದನು. ಆ ಕಾಲದ ಔಷಧಗಳು ಹೆಚ್ಚಾಗಿ ಗಿಡಮೂಲಿಕೆಗಳಿಂದಲೇ ಆಗುತ್ತಿದ್ದದರಿಂದ ವೈದ್ಯನಾಗುವವನು ಸಸ್ಯಶಾಸ್ತ್ರವನ್ನೂ ಕಲಿಯಬೇಕಾಗಿತ್ತು. ಜಾನ್ ಹೋಪನೆಂಬ ಗುರುವಿನಿಂದ ಆ ಶಾಸ್ತ್ರವನ್ನು ಕಲಿತ ಈತನು, ಹಡಗುಗಳಲ್ಲಿ ಕೆಲವು ಕಾಲ ವೈದ್ಯನಾಗಿದ್ದು, 1794ರಲ್ಲಿ ಕಂಪೆನಿಯ ಬಂಗಾಳದ ಸೇವೆಗೆ ಸೇರಿದನು. ಮರುವರುಷ ರಾಯಭಾರಿಗಳ ಸಂಗಡ ಬರ್ಮಾ ದೇಶಕ್ಕೆ ಹೋದಾಗಲೂ ಗಿಡಗಳನ್ನು ಕೂಡಿಸುವದನ್ನು ಬಿಡಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಹೊಸದಾಗಿ ಕೈವಶವಾದ ಸೀಮೆಗಳ ಸ್ಥಿತಿಯನ್ನು ತಿಳಿಯಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು ಈತನನ್ನು ನೇಮಿಸಿದನು. 1800ನೆಯ ಏಪ್ರಿಲ್ 23ರಲ್ಲಿ ಮದ್ರಾಸಿನಿಂದ ಹೊರಟವನು ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿ, 1801ರ ಜುಲೈಯಲ್ಲಿ ಹಿಂದಿರುಗಿದನು. ಅದೇ 1801ರಲ್ಲಿ, ಮಲೆನಾಡನ್ನು ದಾಟಿ ಬಂದು, ತುಂಗಭದ್ರೆಯ ದಡದ ಹರಿಹರವನ್ನೂ ಅಲ್ಲಿಂದ ದಾವಣಗೆರೆಯನ್ನೂ ಕಂಡನು. ಹೈದರಲಿಯಿಂದ ಈ ಊರನ್ನು ಜಹಗೀರಾಗಿ ಪಡೆದ ಆಪೋಜಿರಾಮನೆಂಬ ಮರಾಠ ಸರದಾರನು ವರ್ತಕರನ್ನು ಕರೆದು ನೆಲೆಗೊಳಿಸಿದ್ದರಿಂದ ದಾವಣಗೆರೆಯು ಪೇಟೆಯಾಗಿ ಬೆಳೆದಿತ್ತು. ಅಲ್ಲಿಯ ಕಂಬಳಿಗಳು ಹೆಸರಾಗಿದ್ದವು.

ಬುಕಾನನನ ಕ್ರಮವು ಹೀಗಿತ್ತು. ಇಳಿದುಕೊಂಡ ಊರಲ್ಲಿ ಒಕ್ಕಲಿಗರನ್ನೂ ನೇಕಾರರನ್ನೂ ವರ್ತಕರನ್ನೂ ಕರೆಸಿ, ಇದು ಯಾವ ಮಣ್ಣು, ಬೀಜವೆಷ್ಟು, ಯಾವಾಗ ಬಿತ್ತುವಿರಿ, ಗುತ್ತಿಗೆಯೆಷ್ಟು, ಕೂಲಿಯೆಷ್ಟು ಎಂದು ದುಭಾಷಿಗಳ ಮೂಲಕ ಕೇಳಿ, ದಿನದಿನವೂ ಬರೆದಿಟ್ಟನು. ಅದೆಲ್ಲಾ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಇದರಲ್ಲಿ ನಾವು ಮರೆಮಾಡಬಾರದ ಸಂಗತಿಯೊಂದುಂಟು. ಆ ಶೋಧನೆಯು ಜ್ಞಾನಕ್ಕಾಗಿ ಮಾತ್ರವೇ ನಡೆಯಲಿಲ್ಲ. ಕಂದಾಯಕ್ಕೂ ಕಂಪೆನಿಯ ವ್ಯಾಪಾರಕ್ಕೂ ನಡೆಯಿತು. ಸರ್ಕಾರದ ಹೆಸರಿನಲ್ಲಿ ಬಂದವನು ಹೊಲದ ಫಲವನ್ನು ಕೇಳಿದರೆ ರೈತನು ಅಂಜದೆ ಹೇಳುವದು ಹೇಗೆ? ಈತನು ನಮ್ಮ ಜನರ ವಿಷಯದಲ್ಲಿ ಅಲ್ಲಲ್ಲಿ ಕಠಿಣವಾದ ತೀರ್ಪನ್ನೂ ಕೊಟ್ಟಿದ್ದಾನೆ. ಆದರೂ ಆ ಪುಸ್ತಕದ ಸಾರವು ಯಾರದು? ಎರೆಭೂಮಿಗೂ ಕೆಂಪು ಮಸಬಿಗೂ ಇರುವ ಭೇದವನ್ನೂ ಜೋಳದ ಹದವನ್ನೂ ಎಡಿನ್‌ಬರೋ ಪಟ್ಟಣದ ಪಂಡಿತರು ಕಲಿಸಲಿಲ್ಲ. ಅಕ್ಷರವರಿಯದ ಒಕ್ಕಲಿಗರು ಕಲಿಸಿದರು. ಅವರಲ್ಲಿ ಬಹುಮಂದಿಯ ಹೆಸರು ಅದರಲ್ಲಿಲ್ಲ.

ಮುಂದೆ ಈತನು ನೇಪಾಳವನ್ನು ಕಂಡು, 1807ರಿಂದ 1814ರ ವರೆಗೆ ಬಂಗಾಳದ ಜಿಲ್ಲೆಗಳನ್ನು ಶೋಧಿಸಿ, ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದನು. 1815ರಲ್ಲಿ ಸ್ವದೇಶಕ್ಕೆ ಹೊರಟಾಗ, ಬಹು ವರುಷಗಳ ಶ್ರಮದಿಂದ ಬರೆಯಿಸಿದ ಚಿತ್ರಗಳನ್ನು ಗವರ್ನರ್ ಜನರಲನು ಒಯ್ಯಗೊಡಲಿಲ್ಲ. ಅನೇಕರ ಜ್ಞಾನವನ್ನು ಸರ್ಕಾರಕ್ಕೆ ಕೂಡಿಸಿಕೊಟ್ಟವನು ತನ್ನ ಕೈಕೆಲಸವನ್ನೇ ಸರ್ಕಾರಕ್ಕೆ ಬಿಟ್ಟುಹೋಗಬೇಕಾಯಿತು. ಆದರೂ ಎದೆಗುಂದದೆ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥವನ್ನು ಪ್ರಕಟಿಸಿದನು. ಈಗ ಕರ್ನಾಟಕದ ಕೆರೆಗಳಲ್ಲಿ ಸಾಕುವ ರೋಹು, ಕಟ್ಲಾ ಮೀನುಗಳ ಶಾಸ್ತ್ರೀಯ ನಾಮಗಳ ಬಳಿಯಲ್ಲಿ ಹ್ಯಾಮಿಲ್ಟನ್ ಎಂದು ಬರೆಯುವದು ಈತನನ್ನು ಕುರಿತೇ. ತಾಯಿಯ ಮನೆತನದ ಆ ಹೆಸರನ್ನು ಕಡೆಯ ಕಾಲದಲ್ಲಿ ಧರಿಸಿದ್ದನು. 1829ರ ಜೂನ್ 15ರಲ್ಲಿ ತೀರಿಹೋದನು.

ಪ್ರಿಯರೇ, ಅರಸನಾದ ಸೊಲೊಮೋನನು ದೇವದಾರು ಮೊದಲುಗೊಂಡು ಹಿಸ್ಸೋಪಿನ ವರೆಗೂ ಗಿಡಮರಗಳನ್ನೂ ಮೃಗಪಕ್ಷಿಮೀನುಗಳನ್ನೂ ಕುರಿತು ಬೋಧಿಸಿದನೆಂದು ಅರಸುಗಳ ಮೊದಲನೆಯ ಪುಸ್ತಕದಲ್ಲಿ ಓದುತ್ತೇವೆ. ಸೃಷ್ಟಿಯನ್ನು ವಿಚಾರಿಸುವದು ಭಕ್ತಿಗೆ ವಿರೋಧವಲ್ಲ. ಆದದರಿಂದ ಶಾಲೆ ಕಲಿತ ಮಕ್ಕಳು ಹೊಲದಲ್ಲಿ ದುಡಿದ ಅಜ್ಜಂದಿರ ಬಳಿಯಲ್ಲಿ ಕುಳಿತು, ಮಣ್ಣು ಮಳೆ ಬೀಜಗಳ ವಿಷಯವನ್ನು ಕೇಳಿ ಬರೆದಿಡಲಿ. ಹೇಳಿದವರ ಹೆಸರನ್ನೂ ಅದರ ಸಂಗಡ ಬರೆಯಲಿ. ಹೊರಗಿನಿಂದ ಬಂದವನು ಕೇಳಿದ್ದನ್ನು ಮನೆಯವರೇ ಕೇಳದೆ ಹೋಗುವದು ನಮಗೆ ತಕ್ಕದ್ದಲ್ಲ.