ಕಿರುಹಡಗುಗಳ ಸಂಗ್ರಾಹಕ ಫ್ರಾಂಕ್ಲಿನ್ ರೂಸ್‌ವೆಲ್ಟರು

ಹಿಂದಿನ ಮಳೆಗಾಲದ ಒಂದು ದಿನ ಏಳನೆಯ ಇಯತ್ತೆಯಲ್ಲಿ ನಾವು ಅನುಪಾತದ ಲೆಕ್ಕಗಳನ್ನು ಬಿಡಿಸಿ ತೋರಿಸುತ್ತಿದ್ದೆವು. ಕೊನೆಯ ಬೆಂಚಿನ ವಿದ್ಯಾರ್ಥಿಯೊಬ್ಬನು ತಲೆ ಬಗ್ಗಿಸಿಕೊಂಡು ಬೇರಾವುದೋ ಕೆಲಸದಲ್ಲಿ ಮಗ್ನನಾಗಿದ್ದುದು ನಮ್ಮ ಕಣ್ಣಿಗೆ ಬಿದ್ದಿತು. ಹತ್ತಿರ ಹೋಗಿ ನೋಡಲಾಗಿ, ಅವನ ಕೈಯಲ್ಲಿ ಬೆಂಡಿನಿಂದ ಕೆತ್ತಿದ ಪುಟ್ಟದೊಂದು ಹಡಗು ಇತ್ತು. ಊದಿನಕಡ್ಡಿಗಳೇ ಅದರ ಕೂವೆಮರಗಳು. ಹೊಲಿಗೆಯ ದಾರಗಳೇ ಅದರ ಹಗ್ಗಗಳು. ಪಾಠದ ವೇಳೆಯಲ್ಲಿ ಆಟವೇ ಎಂದು ಗದರಿಸಿ, ನಾವು ಅದನ್ನು ಕಸಿದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು.

ಅದಾದ ಕೆಲವೇ ದಿನಗಳಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ಡೆಲಾನೊ ರೂಸ್‌ವೆಲ್ಟರ ಜೀವನಚರಿತ್ರೆಯು ನಮ್ಮ ಕೈಗೆ ಬಂದಿತು. ನಾಲ್ಕು ಬಾರಿ ಚುನಾಯಿತರಾಗಿ ಆ ಮಹಾರಾಷ್ಟ್ರವನ್ನು ಆಳಿದ ಮುತ್ಸದ್ದಿಯ ಬಾಳಿನಲ್ಲಿ ಆರಂಭದಿಂದ ಅಂತ್ಯದವರೆಗೂ ಕಿರುಹಡಗುಗಳು ಸಾಲುಗಟ್ಟಿ ಸಾಗುತ್ತಿರುವುದನ್ನು ಕಂಡು ನಾವು ವಿಸ್ಮಿತರಾದೆವು. ಕಪಾಟಿನೊಳಗಿನ ಬೆಂಡಿನ ಹಡಗು ನೆನಪಿಗೆ ಬಂದು ತುಸು ನಾಚಿಕೆಯೂ ಆಯಿತು. ಆ ನಾಚಿಕೆಯ ಫಲವೇ ಈ ಲೇಖನವೆಂದರೆ ತಪ್ಪಾಗದು.

ರೂಸ್‌ವೆಲ್ಟರು 1882ನೆಯ ಇಸವಿ ಜನವರಿ 30ರಂದು ನ್ಯೂಯಾರ್ಕ್ ಸಂಸ್ಥಾನದ ಹೈಡ್ ಪಾರ್ಕ್ ಎಂಬ ಗ್ರಾಮದಲ್ಲಿ, ಹಡ್ಸನ್ ನದಿಯ ತೀರದ ಸ್ಪ್ರಿಂಗ್‌ವುಡ್ ಎಂಬ ಮನೆಯಲ್ಲಿ ಜನಿಸಿದರು. ತಂದೆ ಜೇಮ್ಸ್ ರೂಸ್‌ವೆಲ್ಟ್. ತಾಯಿ ಸಾರಾ ಡೆಲಾನೊ. ತಾಯಿಗೆ ಅವನೊಬ್ಬನೇ ಮಗ. ಮನೆಯಲ್ಲಿ ಸಿರಿಗೆ ಕೊರತೆಯಿರಲಿಲ್ಲ. ತಾಯಿಯ ತಂದೆ ವಾರನ್ ಡೆಲಾನೊ ಚೀನಾ ದೇಶದೊಡನೆ ಚಹಾ ಹಾಗೂ ಅಫೀಮಿನ ವ್ಯಾಪಾರ ನಡೆಸಿ ಧನಿಕನಾದವನು. 1862ರಲ್ಲಿ, ಇನ್ನೂ ಎಂಟು ವರ್ಷ ತುಂಬದ ಬಾಲಿಕೆಯಾಗಿದ್ದ ಸಾರಾ, ಸರ್‌ಪ್ರೈಸ್ ಎಂಬ ಹಾಯಿಹಡಗನ್ನೇರಿ ತಾಯಿ ಹಾಗೂ ಒಡಹುಟ್ಟಿದವರೊಡನೆ ಹಾಂಗ್‌ಕಾಂಗ್‌ವರೆಗೆ ಪಯಣಿಸಿದ್ದಳು. ತಿಂಗಳುಗಟ್ಟಲೆ ನಡೆದ ಆ ಸಮುದ್ರಯಾನದ ಕಥೆಗಳನ್ನು ಆಕೆ ಮಗನಿಗೆ ಹೇಳುತ್ತಿದ್ದಳು. ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುವ ರಾಜರಾಣಿಯರ ಕಥೆಗಳು ಮಕ್ಕಳ ಮನಸ್ಸಿನಲ್ಲಿ ಹೇಗೆ ನಾಟುವುವೋ, ಹಾಗೆಯೇ ಆ ಕಡಲಿನ ಕಥೆಗಳು ಬಾಲಕ ಫ್ರಾಂಕ್ಲಿನ್ನನ ಮನಸ್ಸಿನಲ್ಲಿ ನಾಟಿದವು.

ಬೇಸಿಗೆಯ ದಿನಗಳನ್ನು ಆ ಕುಟುಂಬವು ಕೆನಡಾ ದೇಶಕ್ಕೆ ಸೇರಿದ ಕ್ಯಾಂಪೊಬೆಲ್ಲೊ ಎಂಬ ದ್ವೀಪದಲ್ಲಿ ಕಳೆಯುತ್ತಿತ್ತು. ತಂದೆಗೆ ಹಾಫ್ ಮೂನ್ ಎಂಬ ಹಾಯಿನೌಕೆಯಿತ್ತು. ಅದರ ಚುಕ್ಕಾಣಿಯನ್ನು ಹಿಡಿದು ಗಾಳಿಯ ಗತಿಯನ್ನೂ ಅಲೆಯ ಏರಿಳಿತವನ್ನೂ ಹುಡುಗನು ಅರಿತುಕೊಂಡನು. ಹದಿನಾರನೆಯ ವಯಸ್ಸಿನಲ್ಲಿ 21 ಅಡಿ ಉದ್ದದ ನ್ಯೂ ಮೂನ್ ಎಂಬ ದೋಣಿಯು ಅವನದೇ ಆಯಿತು. ನೌಕಾಬಲವು ಇತಿಹಾಸದ ಮೇಲೆ ಬೀರಿದ ಪ್ರಭಾವವನ್ನು ಕುರಿತು ನೌಕಾಧಿಕಾರಿ ಮಹಾನ್ ಎಂಬವರು 1890ರಲ್ಲಿ ಪ್ರಕಟಿಸಿದ್ದ ದೊಡ್ಡ ಗ್ರಂಥವನ್ನು ಅವನು ಆ ಹರೆಯದಲ್ಲಿಯೇ ಆಸಕ್ತಿಯಿಂದ ಓದಿದನು. ಅನಾಪೊಲಿಸ್ ನಗರದ ನೌಕಾ ವಿದ್ಯಾಲಯವನ್ನು ಸೇರಿ ನಾವಿಕನಾಗಬೇಕೆಂಬುದೇ ಅವನ ಹಂಬಲವಾಗಿತ್ತು. ಆದರೆ ತಂದೆತಾಯಿಗಳು ಒಪ್ಪಲಿಲ್ಲ. ಅವನು ಗ್ರಾಟನ್ ಶಾಲೆಗೂ ಬಳಿಕ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೂ ಹೋಗಬೇಕಾಯಿತು.

ಇಷ್ಟಪಟ್ಟ ದಾರಿಯು ಮುಚ್ಚಿಹೋದಾಗ ಕೆಲವರು ಆ ಇಷ್ಟವನ್ನೇ ತೊರೆದುಬಿಡುತ್ತಾರೆ. ರೂಸ್‌ವೆಲ್ಟರು ಹಾಗೆ ಮಾಡಲಿಲ್ಲ. ವಿದ್ಯಾರ್ಥಿದೆಸೆಯಿಂದಲೇ ಅವರು ನೌಕೆಗಳನ್ನು ಕುರಿತ ಹಳೆಯ ಪುಸ್ತಕಗಳನ್ನು ಕೂಡಿಹಾಕತೊಡಗಿದರು. ಹಡಗುಗಳ ಮುದ್ರಿತ ಚಿತ್ರಗಳೂ ನಾವಿಕರ ಪತ್ರಗಳೂ ಪ್ರತಿಕೃತಿಗಳೂ ಕ್ರಮೇಣ ಅವರ ಸಂಗ್ರಹವನ್ನು ಸೇರಿದವು. 1905ರಲ್ಲಿ ಎಲಿನಾರ್ ಎಂಬ ಕನ್ಯೆಯನ್ನು ಅವರು ವಿವಾಹವಾದರು. 1910ರಲ್ಲಿ ನ್ಯೂಯಾರ್ಕಿನ ಶಾಸನಸಭೆಗೆ ಚುನಾಯಿತರಾದರು. 1913ರಲ್ಲಿ, ತಮ್ಮ 31ನೆಯ ವಯಸ್ಸಿನಲ್ಲಿ, ನೌಕಾಖಾತೆಯ ಉಪಕಾರ್ಯದರ್ಶಿಯ ಪದವಿಯು ಅವರಿಗೆ ದೊರೆಯಿತು. ನಾವಿಕನಾಗಲಾರದ ಹುಡುಗನು ಹೀಗೆ ಒಂದು ನೌಕಾಬಲದ ಆಡಳಿತದಲ್ಲಿಯೇ ಪಾಲುಗಾರನಾದನು. 1920ರವರೆಗೆ, ಮೊದಲನೆಯ ಮಹಾಯುದ್ಧದ ಕಾಲವನ್ನೂ ಒಳಗೊಂಡು, ಅವರು ಆ ಹೊಣೆಯನ್ನು ನಿರ್ವಹಿಸಿದರು.

ಕಿರುಹಡಗೆಂದರೆ ಮಕ್ಕಳ ಆಟಿಕೆಯೆಂದು ಯಾರೂ ಭಾವಿಸಬಾರದು. ಅದು ನಿಜವಾದ ಹಡಗನ್ನು ಒಂದು ನಿಯತ ಪ್ರಮಾಣಕ್ಕೆ ಇಳಿಸಿ ಕಟ್ಟಿದ ಪ್ರತಿಕೃತಿ. ರೂಸ್‌ವೆಲ್ಟರ ಸಂಗ್ರಹದಲ್ಲಿ ಕಾನ್‌ಸ್ಟಿಟ್ಯೂಷನ್ ಎಂಬ ಯುದ್ಧನೌಕೆಯ ಪ್ರತಿಕೃತಿಯೂ ಇತ್ತು. 1797ರಲ್ಲಿ ಬೋಸ್ಟನ್ ನಗರದಲ್ಲಿ ನೀರಿಗಿಳಿದ ಆ ಹಡಗು ಇಂದಿಗೂ ಅದೇ ನಗರದ ಬಂದರಿನಲ್ಲಿ ತೇಲುತ್ತಿದೆ. ಅದರ ಉದ್ದ 204 ಅಡಿ. ನಡುವಣ ಕೂವೆಮರದ, ಎಂದರೆ ಹಾಯಿಗಳನ್ನು ಹೊರುವ ಕಂಬದ, ಎತ್ತರ 220 ಅಡಿ. ಒಂದು ಅಡಿಗೆ ಅಂಗುಲದ ಎಂಟನೆಯ ಒಂದು ಭಾಗವೆಂಬ ಪ್ರಮಾಣವನ್ನು ಹಿಡಿದರೆ, ಕಿರುಹಡಗು ನಿಜವಾದುದರ 96ನೆಯ ಒಂದು ಭಾಗವಾಗುತ್ತದೆ. ಆಗ ಅದರ ಉದ್ದ ಇಪ್ಪತ್ತೈದೂವರೆ ಅಂಗುಲ. ಕೂವೆಮರ ಇಪ್ಪತ್ತೇಳೂವರೆ ಅಂಗುಲ. ಆರಡಿ ಎತ್ತರದ ನಾವಿಕನು ಅದರ ಮೇಲೆ ನಿಂತರೆ ಮುಕ್ಕಾಲು ಅಂಗುಲದವನಾಗುತ್ತಾನೆ! ಪ್ರತಿಯೊಂದು ಹಲಗೆ, ಪ್ರತಿಯೊಂದು ಹಗ್ಗ, ಹಗ್ಗ ಹಾಯುವ ಪ್ರತಿಯೊಂದು ರಾಟೆ, ಎಲ್ಲವೂ ಇದೇ ಲೆಕ್ಕದಂತೆ ಕಿರಿದಾಗಬೇಕು. ಒಂದೆಡೆ ಪ್ರಮಾಣ ತಪ್ಪಿದರೂ ಇಡೀ ಹಡಗು ವಿರೂಪವಾಗಿ ಕಾಣುವುದು. ಇದರಲ್ಲಿ ಗಣಿತವಿದೆ, ಬಡಗಿಯ ಕೌಶಲವಿದೆ, ಇತಿಹಾಸದ ಜ್ಞಾನವಿದೆ. ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆಯಿದೆ. ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ಸೆರೆಸಿಕ್ಕು ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಬಂಧಿತರಾಗಿದ್ದ ಫ್ರೆಂಚ್ ಸೈನಿಕರೂ ನಾವಿಕರೂ ಊಟದಲ್ಲಿ ಉಳಿದ ಮೂಳೆಗಳನ್ನು ಕೆತ್ತಿ ಇಂಥ ಹಡಗುಗಳನ್ನು ಕಟ್ಟುತ್ತಿದ್ದರು. ಕಾಲಿಗೆ ಸಂಕೋಲೆ ಬಿದ್ದರೂ ಕೈಗೆ ಕೆಲಸವಿದ್ದರೆ ಮನಸ್ಸು ಕುಗ್ಗದೆಂಬುದಕ್ಕೆ ಆ ಮೂಳೆಯ ಹಡಗುಗಳು ಸಾಕ್ಷಿಯಾಗಿ ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ.

ರೂಸ್‌ವೆಲ್ಟರ ಬಾಳಿನಲ್ಲಿಯೂ ಅಂಥದೊಂದು ಬಂಧನವು ಬಂದೊದಗಿತು. 1920ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಅವರು ಸೋತಿದ್ದರು. ಮರುವರ್ಷ, 1921ರ ಆಗಸ್ಟ್ 10ರಂದು, ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ಹೆಂಡತಿ ಮಕ್ಕಳೊಡನೆ ಹಾಯಿದೋಣಿಯಲ್ಲಿ ವಿಹರಿಸಿ ಮನೆಗೆ ಬಂದವರಿಗೆ ಸಂಜೆ ಚಳಿ ಹುಟ್ಟಿತು. ಮರುದಿನ ಬೆಳಿಗ್ಗೆ ಒಂದು ಕಾಲು ಶಕ್ತಿಗುಂದಿತ್ತು. ಕೆಲವೇ ದಿನಗಳಲ್ಲಿ ಸೊಂಟದಿಂದ ಕೆಳಗಿನ ಅಂಗಗಳೆಲ್ಲ ನಿಶ್ಚೇಷ್ಟಿತವಾದವು. ಪೋಲಿಯೋ ರೋಗವೆಂದು ವೈದ್ಯರು ನಿರ್ಣಯಿಸಿದರು. ಆಗ ಅವರಿಗೆ 39 ವರ್ಷ. ಮುಂದೆಂದೂ ಅವರು ಆಸರೆಯಿಲ್ಲದೆ ನಿಲ್ಲಲಿಲ್ಲ, ನಡೆಯಲಿಲ್ಲ.

ರಾಜಕೀಯವನ್ನು ಬಿಟ್ಟು ಹೈಡ್ ಪಾರ್ಕಿನ ಮನೆಯಲ್ಲಿ ಶಾಂತವಾಗಿ ಇದ್ದುಬಿಡಲಿ ಎಂಬುದು ತಾಯಿಯ ಇಚ್ಛೆ. ಆದರೆ ಪತ್ನಿ ಎಲಿನಾರ್ ಮತ್ತು ಆಪ್ತಮಿತ್ರ ಲೂಯಿ ಹೌ ಇದಕ್ಕೆ ಒಪ್ಪಲಿಲ್ಲ. ಹೌ ಸ್ವತಃ ಬಡಕಲು ಶರೀರದ, ಸದಾ ಕೆಮ್ಮುವ ರೋಗಿ. ಆತನು ಚಳಿಗಾಲದಲ್ಲಿ ರೂಸ್‌ವೆಲ್ಟರ ಬಳಿ ಕುಳಿತು, ಇಬ್ಬರೂ ಕೂಡಿ ಕಿರುಹಡಗುಗಳನ್ನು ಕಟ್ಟುತ್ತಿದ್ದರು. ವಸಂತವು ಬಂದು ನದಿಯ ಮಂಜುಗಡ್ಡೆ ಕರಗಿದ ಮೇಲೆ ಅವುಗಳನ್ನು ಹಡ್ಸನ್ ನದಿಯಲ್ಲಿ ತೇಲಿಬಿಟ್ಟು ಪಂದ್ಯವಾಡಿಸುತ್ತಿದ್ದರು. ಒಂದು ಕ್ಷಣ ಆ ದೃಶ್ಯವನ್ನು ನಾವು ಕಲ್ಪಿಸಿಕೊಳ್ಳೋಣ. ಯುದ್ಧನೌಕೆಗಳ ಖಾತೆಯನ್ನು ನಡೆಸಿದ್ದವರು ಈಗ ಮೊಳದುದ್ದದ ದೋಣಿಗೆ ಹಾಯಿ ಕಟ್ಟುತ್ತಿದ್ದಾರೆ. ಲೋಕದ ಕಣ್ಣಿಗೆ ಇದು ಕರುಣಾಜನಕವೆಂದು ತೋರಬಹುದು. ಆದರೆ ಯಾವ ಕಾಲುಗಳು ಮಾತು ಕೇಳುತ್ತಿರಲಿಲ್ಲವೋ ಅವುಗಳನ್ನು ಕುರಿತೇ ಹಗಲಿರುಳು ಚಿಂತಿಸುತ್ತ ಮಲಗಿರಬಹುದಾಗಿದ್ದ ಮನುಷ್ಯನ ಕೈಗಳಿಗೆ ಕೆಲಸವನ್ನೂ, ಕಣ್ಣುಗಳಿಗೆ ಗುರಿಯನ್ನೂ, ದಿನದ ಕೊನೆಗೆ ಒಂದಿಷ್ಟು ತೃಪ್ತಿಯನ್ನೂ ಆ ದೋಣಿಗಳು ಕೊಟ್ಟವು. ಬಾಲ್ಯದಲ್ಲಿ ಬೆಳೆಸಿಕೊಂಡ ಪ್ರೀತಿಯು ಆಪತ್ಕಾಲದಲ್ಲಿ ಊರುಗೋಲಾಯಿತು.

ಆ ಬಳಿಕ ಅವರು ಜಾರ್ಜಿಯಾ ಪ್ರಾಂತದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿಯ ಬೆಚ್ಚನೆಯ ಬುಗ್ಗೆಗಳ ನೀರಿನಲ್ಲಿ ಈಜಾಡಿ ಅಂಗಸಾಧನೆ ಮಾಡತೊಡಗಿದರು. 1926ರಲ್ಲಿ ಆ ಸ್ಥಳವನ್ನೇ ಕೊಂಡು ತಮ್ಮಂಥ ರೋಗಿಗಳಿಗೆ ಚಿಕಿತ್ಸಾಕೇಂದ್ರವನ್ನು ತೆರೆದರು. ಕಾಲುಗಳಿಗೆ ಉಕ್ಕಿನ ಪಟ್ಟಿಗಳನ್ನು ಬಿಗಿದು, ಕೋಲನ್ನೋ ಮಗನ ತೋಳನ್ನೋ ಹಿಡಿದು ನಾಲ್ಕು ಹೆಜ್ಜೆಯಿಡುವುದನ್ನು ಬೆವರು ಸುರಿಸಿ ಕಲಿತರು. 1928ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಗವರ್ನರರಾಗಿ ಆರಿಸಿಬಂದರು. 1932ರಲ್ಲಿ ರಾಷ್ಟ್ರದ ಅಧ್ಯಕ್ಷಪದವಿಗೇ ಚುನಾಯಿತರಾಗಿ 1933ರ ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡರು.

ಆಗ ಅಮೆರಿಕೆಯು ಭೀಕರವಾದ ಆರ್ಥಿಕ ಕುಸಿತದಲ್ಲಿ ಸಿಕ್ಕಿಬಿದ್ದಿತ್ತು. ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಜನರಿಗೆ ಕೆಲಸ ಒದಗಿಸಲು ಅವರು ಕೈಗೊಂಡ ಯೋಜನೆಗಳು ಹಲವು. ಅವುಗಳಲ್ಲಿ ಹಡಗುಗಳಿಗೂ ಪಾಲಿತ್ತು. 1933ರ ಜೂನ್ ತಿಂಗಳಲ್ಲಿ ಹೊಸ ಯುದ್ಧನೌಕೆಗಳ ನಿರ್ಮಾಣಕ್ಕಾಗಿ 23 ಕೋಟಿ 80 ಲಕ್ಷ ಡಾಲರುಗಳನ್ನು ತೆಗೆದಿರಿಸಲಾಯಿತು. 1936ರಲ್ಲಿ ಆರಂಭವಾದ ಇನ್ನೊಂದು ಯೋಜನೆಯಲ್ಲಿ ನಿರುದ್ಯೋಗಿ ನಕ್ಷೆಗಾರರು ಹಳೆಯ ವ್ಯಾಪಾರಿ ಹಡಗುಗಳನ್ನು ಹುಡುಕಿ ಅಳತೆ ಮಾಡಿ ಅವುಗಳ ನಕ್ಷೆಗಳನ್ನು ಬರೆದರು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿರುವ ಆ ನಕ್ಷೆಗಳು ಕಿರುಹಡಗು ಕಟ್ಟುವವರಿಗೆ ಇಂದಿಗೂ ದಾರಿ ತೋರುತ್ತಿವೆ.

ಅಧ್ಯಕ್ಷರ ಶ್ವೇತಭವನದಲ್ಲಿಯೂ ಕಿರುಹಡಗುಗಳು ಅವರನ್ನು ಬಿಡಲಿಲ್ಲ. ಕಚೇರಿಯ ಗೋಡೆಗಳ ಮೇಲೆ ಹಡಗಿನ ಚಿತ್ರಗಳು, ಮೇಜು ಕಪಾಟುಗಳ ಮೇಲೆ ಹಡಗಿನ ಪ್ರತಿಕೃತಿಗಳು. ಸಾಮಾನ್ಯ ಕುರ್ಚಿಗೆ ಗಾಲಿಗಳನ್ನು ಜೋಡಿಸಿದ ಆಸನದಲ್ಲಿ ಕುಳಿತು ಅವರು ಆ ಹಡಗುಗಳ ನಡುವೆಯೇ ರಾಜ್ಯಭಾರವನ್ನು ನಡೆಸಿದರು. 1941ರ ಆಗಸ್ಟಿನಲ್ಲಿ ನ್ಯೂಫೌಂಡ್‌ಲೆಂಡಿನ ಕರಾವಳಿಯಲ್ಲಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರನ್ನು ಅವರು ಭೇಟಿಯಾದದ್ದು ಯುದ್ಧನೌಕೆಗಳ ಮೇಲೆಯೇ. ಪ್ರತಿಯೊಂದು ಜನಾಂಗಕ್ಕೂ ತನ್ನ ಸರಕಾರವನ್ನು ತಾನೇ ಆರಿಸಿಕೊಳ್ಳುವ ಹಕ್ಕಿದೆಯೆಂದು ಅಲ್ಲಿ ಇಬ್ಬರೂ ಘೋಷಿಸಿದರು. ಅದು ಭಾರತಕ್ಕೆ ಅನ್ವಯಿಸದೆಂದು ಮರುತಿಂಗಳೇ ಚರ್ಚಿಲ್ಲರು ಸಾರಿದುದನ್ನು ನಾವು ಮರೆಯುವಂತಿಲ್ಲ.

ರೂಸ್‌ವೆಲ್ಟರ ಬಾಳು ಕಳಂಕರಹಿತವೆಂದು ನಾವು ಹೇಳಲಾರೆವು. 1942ರಲ್ಲಿ ಅವರ ಆಜ್ಞೆಯ ಮೇರೆಗೆ ಜಪಾನೀ ಮೂಲದ ಸುಮಾರು 1,20,000 ಜನರನ್ನು, ಅವರಲ್ಲಿ ಬಹುಪಾಲು ಅಮೆರಿಕೆಯ ಪ್ರಜೆಗಳನ್ನೇ, ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಆ ಅನ್ಯಾಯಕ್ಕಾಗಿ ಅಮೆರಿಕಾ ಸರಕಾರವು 1988ರಲ್ಲಿ ಕ್ಷಮೆ ಕೋರಿತು. ಮಹಾಪುರುಷರ ಚರಿತ್ರೆಯನ್ನು ಓದುವಾಗ ಬೆಳಕನ್ನೂ ನೆರಳನ್ನೂ ಒಟ್ಟಿಗೆ ನೋಡುವುದು ವಿದ್ಯಾರ್ಥಿಗಳ ಧರ್ಮ.

ಸಂಗ್ರಹಕಾರರಲ್ಲಿ ಸಾಮಾನ್ಯವಾಗಿ ಒಂದು ಲೋಭವಿರುತ್ತದೆ. ಕೂಡಿಸಿದ್ದನ್ನು ಬೀಗದೊಳಗಿಟ್ಟು ತಾವೊಬ್ಬರೇ ನೋಡಿ ಆನಂದಿಸುತ್ತಾರೆ. ರೂಸ್‌ವೆಲ್ಟರ ಸಂಗ್ರಹದಲ್ಲಿ 200ಕ್ಕೂ ಮಿಕ್ಕಿದ ಕಿರುಹಡಗುಗಳೂ ಸಾವಿರಕ್ಕೂ ಮಿಕ್ಕಿದ ನೌಕಾಚಿತ್ರಗಳೂ ಇದ್ದವು. ಅವುಗಳನ್ನು ಮಾರಿದ್ದರೆ ಬಹಳ ಹಣ ದೊರೆಯುತ್ತಿತ್ತು. ಹಾಗೆ ಮಾಡದೆ ಅವರು ಹೈಡ್ ಪಾರ್ಕಿನ ಕುಟುಂಬದ ನೆಲದಲ್ಲಿ 16 ಎಕರೆಯನ್ನು ರಾಷ್ಟ್ರಕ್ಕೆ ಕೊಡಿಸಿ, ಸಾರ್ವಜನಿಕರ ದೇಣಿಗೆಯಿಂದ ಅಲ್ಲಿ ಗ್ರಂಥಾಲಯವೊಂದನ್ನು ಕಟ್ಟಿಸಿದರು. ಕಟ್ಟಡದ ರೂಪುರೇಖೆಯನ್ನು ತಾವೇ ಬರೆದುಕೊಟ್ಟಿದ್ದರು. 1941ರ ಜೂನ್ 30ರಂದು ಅದರ ಪ್ರಾರಂಭೋತ್ಸವವು ನೆರವೇರಿತು. ತಮ್ಮ ಕಾಗದಪತ್ರಗಳನ್ನೂ ಪುಸ್ತಕಗಳನ್ನೂ ಕಿರುಹಡಗುಗಳನ್ನೂ ಅವರು ಆ ಸಂಸ್ಥೆಗೆ ಒಪ್ಪಿಸಿದರು. ಇಂದು ಯಾವ ಬಡವನ ಮಗುವೂ ಅಲ್ಲಿಗೆ ಹೋಗಿ ಅವುಗಳ ಮುಂದೆ ನಿಲ್ಲಬಹುದು.

1945ರ ಏಪ್ರಿಲ್ 12ರಂದು, ಎರಡನೆಯ ಮಹಾಯುದ್ಧವು ಮುಗಿಯುವುದಕ್ಕೆ ಮೊದಲೇ, ವಾರ್ಮ್ ಸ್ಪ್ರಿಂಗ್ಸಿನಲ್ಲಿ ರೂಸ್‌ವೆಲ್ಟರು ಕೊನೆಯುಸಿರೆಳೆದರು. ಪೋಲಿಯೋ ನಿವಾರಣೆಗಾಗಿ 1938ರಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯ ನೆರವಿನಿಂದ ಡಾಕ್ಟರ್ ಸಾಲ್ಕರು ಲಸಿಕೆಯನ್ನು ಕಂಡುಹಿಡಿದರು. ಅದು ಫಲಕಾರಿಯೆಂದು ಜಗತ್ತಿಗೆ ಸಾರಿದ ದಿನವು 1955ರ ಏಪ್ರಿಲ್ 12. ರೂಸ್‌ವೆಲ್ಟರು ತೀರಿಕೊಂಡು ಅಂದಿಗೆ ಸರಿಯಾಗಿ ಹತ್ತು ವರ್ಷ. ಹೈಡ್ ಪಾರ್ಕಿನಲ್ಲಿ, ತಾವು ಹುಟ್ಟಿದ ಮನೆಯ ಗುಲಾಬಿಯ ತೋಟದಲ್ಲಿ, ಅವರು ಚಿರನಿದ್ರೆಯಲ್ಲಿದ್ದಾರೆ. ಅವರ ಕಿರುಹಡಗುಗಳಿರುವ ಗ್ರಂಥಾಲಯವು ಅಲ್ಲಿಂದ ಕೂಗಳತೆಯ ದೂರದಲ್ಲಿದೆ.

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಮನೆಗಳು ಚಿಕ್ಕವು. ಒಂದೇ ಕೋಣೆಯಲ್ಲಿ ಐದಾರು ಮಂದಿ ಬಾಳುವಾಗ ಸಂಗ್ರಹಕ್ಕೆ ಸ್ಥಳವೆಲ್ಲಿ, ಹವ್ಯಾಸಕ್ಕೆ ಹಣವೆಲ್ಲಿ ಎಂದು ನಿಮ್ಮ ತಂದೆತಾಯಿಗಳು ಕೇಳಿದರೆ ಅದು ತಪ್ಪಲ್ಲ. ರೂಸ್‌ವೆಲ್ಟರಿಗಿದ್ದ ಸಿರಿ ನಮಗಿಲ್ಲ. ಆದರೆ ಬೆಂಡಿಗೆ, ಊದಿನಕಡ್ಡಿಗೆ, ದಾರಕ್ಕೆ ಹೆಚ್ಚು ಹಣ ಬೇಕಿಲ್ಲ. ಅಭ್ಯಾಸವನ್ನು ಬದಿಗೊತ್ತದೆ, ಕೈಗೂ ಮನಸ್ಸಿಗೂ ಒಂದು ಪ್ರಿಯವಾದ ಕೆಲಸವನ್ನು ಈಗಲೇ ಹುಡುಕಿಕೊಳ್ಳಿರಿ. ಯಾವ ದಿನ ಅದು ನಿಮಗೆ ಆಸರೆಯಾಗುವುದೋ ಇಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಇನ್ನು ಆ ಬೆಂಡಿನ ಹಡಗಿನ ಸಂಗತಿ. ಮರುವಾರವೇ ನಾವು ಕಪಾಟಿನ ಬೀಗ ತೆಗೆದು ಅದನ್ನು ಹುಡುಗನಿಗೆ ಹಿಂದಿರುಗಿಸಿದೆವು. ಕೊಡುವ ಮೊದಲು ಅಡಿಪಟ್ಟಿಯಿಂದ ಅಳೆದು ನೋಡಿದೆವು. ಎರಡು ಕೂವೆಮರಗಳೂ ಒಂದೇ ಎತ್ತರದಲ್ಲಿದ್ದವು, ಹಗ್ಗಗಳು ಎರಡೂ ಬದಿಗೆ ಸಮವಾಗಿದ್ದವು. ಅನುಪಾತದ ಪಾಠವನ್ನು ಆ ವಿದ್ಯಾರ್ಥಿಯು ಬೆಂಚಿನ ಕೆಳಗೆ ಕಲಿಯುತ್ತಲೇ ಇದ್ದನು. ನಾವು ಅದನ್ನು ತಿಳಿಯಲು ಒಂದು ವಾರ ಹಿಡಿಯಿತು.