ಜೆಸ್ ಓಪನ್‌ಹೈಮರ್

ಜೆಸ್ ಓಪನ್‌ಹೈಮರ್ (ನವೆಂಬರ್ 11, 1913 – ಡಿಸೆಂಬರ್ 27, 1988) ಅಮೆರಿಕದ ಬಾನುಲಿ ಮತ್ತು ದೂರದರ್ಶನದ ಹಾಸ್ಯ ಲೇಖಕರು ಹಾಗೂ ನಿರ್ಮಾಪಕರು. 'ಐ ಲವ್ ಲೂಸಿ' ಹಾಸ್ಯ ಧಾರಾವಾಹಿಯ ಕಲ್ಪನೆ ಇವರದು. ನಾಯಕಿ ಲೂಸಿಲ್ ಬಾಲ್ ಇವರನ್ನು ಆ ಧಾರಾವಾಹಿಯ ಮೆದುಳೆಂದೇ ಕರೆಯುತ್ತಿದ್ದರು. ಆದರೂ ನಟಿಗೆ ದೊರೆತ ಪ್ರಸಿದ್ಧಿಯ ಅಲ್ಪಾಂಶವೂ ಲೇಖಕರಿಗೆ ದೊರೆಯಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜನಿಸಿದ ಓಪನ್‌ಹೈಮರ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. 1936ರಲ್ಲಿ ಹಾಲಿವುಡ್ ಸೇರಿ, ಫ್ರೆಡ್ ಆಸ್ಟೇರ್ ಅವರ ಬಾನುಲಿ ಕಾರ್ಯಕ್ರಮಕ್ಕೆ ಹಾಸ್ಯ ಬರೆಯತೊಡಗಿದರು. ಮುಂದೆ ಪ್ರೌಢ ನಟಿ ಫ್ಯಾನಿ ಬ್ರೈಸ್ ತುಂಟ ಬಾಲಕಿಯಾಗಿ ನಟಿಸುತ್ತಿದ್ದ 'ಬೇಬಿ ಸ್ನೂಕ್ಸ್' ಕಾರ್ಯಕ್ರಮಕ್ಕೂ ಬರೆದರು. ಈ ಅನುಭವವೇ ಅವರ ಮುಂದಿನ ಕೃಷಿಗೆ ಬೀಜವಾಯಿತು. 1948ರಲ್ಲಿ ಲೂಸಿಲ್ ಬಾಲ್ ಅವರ 'ಮೈ ಫೇವರಿಟ್ ಹಸ್ಬೆಂಡ್' ಬಾನುಲಿ ಸರಣಿಗೆ ಬಂದಾಗ, ಅದರ ನಾಜೂಕಿನ ಗೃಹಿಣಿಯ ಪಾತ್ರಕ್ಕೆ ಆ ಬಾಲಕಿಯ ಹಟವನ್ನೂ ದುಡುಕನ್ನೂ ತುಂಬಿದರು. ಪ್ರೇಕ್ಷಕರು ಕಂಡ ಲೂಸಿ ಹುಟ್ಟಿದ್ದು ಹೀಗೆ.

1951ರಲ್ಲಿ, ವಾದ್ಯವೃಂದದ ನಾಯಕನೊಬ್ಬ ಮತ್ತು ತಾನೂ ರಂಗವೇರಲು ಹವಣಿಸುವ ಅವನ ಪತ್ನಿಯ ಕಥಾವಸ್ತುವನ್ನು ಒಂದು ಡಾಲರ್ ಶುಲ್ಕ ತೆತ್ತು ಚಿತ್ರಲೇಖಕರ ಸಂಘದಲ್ಲಿ ನೋಂದಾಯಿಸಿದರು. ಅಕ್ಟೋಬರ್ 15ರಂದು ಸಿಬಿಎಸ್ ವಾಹಿನಿಯಲ್ಲಿ ಪ್ರಸಾರ ಆರಂಭವಾಯಿತು. ಮ್ಯಾಡಲಿನ್ ಪ್ಯೂ ಮತ್ತು ಬಾಬ್ ಕ್ಯಾರಲ್ ಜೂನಿಯರ್ ಸಹಲೇಖಕರು; ಅಂತಿಮ ತಿದ್ದುಪಡಿ ಮಾತ್ರ ಓಪನ್‌ಹೈಮರ್ ಅವರದೇ.

1952ರಲ್ಲಿ ಬಾಲ್ ಗರ್ಭಿಣಿಯಾದಾಗ ಧಾರಾವಾಹಿಯೇ ನಿಂತುಹೋಗುವ ಭೀತಿ ಎದುರಾಯಿತು. ಬಸಿರನ್ನು ತೆರೆಯ ಮೇಲೆ ತೋರಿಸುವುದು ಅಂದು ಅನುಚಿತವೆನಿಸಿತ್ತು. ಅದನ್ನು ಮರೆಮಾಚದೆ ಕಥೆಯೊಳಗೇ ತರಬೇಕೆಂದು ಸೂಚಿಸಿದವರು ಓಪನ್‌ಹೈಮರ್. ವಾಹಿನಿಯು 'ಗರ್ಭಿಣಿ' ಎಂಬ ಪದವನ್ನೇ ನಿಷೇಧಿಸಿತು. ಕ್ರೈಸ್ತ ಮತ್ತು ಯಹೂದಿ ಧರ್ಮಗುರುಗಳು ಪ್ರತಿಯೊಂದು ಸಂಭಾಷಣೆಯನ್ನೂ ಪರಿಶೀಲಿಸಿದರು. ಕಥೆಯಲ್ಲಿ ಗಂಡುಮಗುವೇ ಆಗಲೆಂದು ಮೊದಲೇ ನಿಶ್ಚಯಿಸಿ ಚಿತ್ರೀಕರಣ ಮುಗಿಸಿದ್ದರು. 1953ರ ಜನವರಿ 19ರಂದು ಆ ಕಂತು ಪ್ರಸಾರವಾಯಿತು. ಅಂದೇ ಬಾಲ್ ಅವರಿಗೆ ನಿಜಕ್ಕೂ ಗಂಡುಮಗು ಜನಿಸಿತು! ಸುಮಾರು 4.4 ಕೋಟಿ ಜನ ಅದನ್ನು ವೀಕ್ಷಿಸಿದರು.

1956ರಲ್ಲಿ ಇವರು ಎನ್‌ಬಿಸಿ ವಾಹಿನಿಗೆ ತೆರಳಿದರು. ಆ ಬಳಿಕ 'ಏಂಜೆಲ್' ಸರಣಿಯನ್ನು ರೂಪಿಸಿದರು, ಕೆಲಕಾಲ 'ಗೆಟ್ ಸ್ಮಾರ್ಟ್' ನಿರ್ಮಿಸಿದರು. ಯಾವುದೂ ಲೂಸಿಯ ಎತ್ತರಕ್ಕೇರಲಿಲ್ಲ. ಕ್ಯಾಮೆರಾದತ್ತ ದೃಷ್ಟಿ ನೆಟ್ಟಂತೆಯೇ ಮಾತುಗಳನ್ನು ಓದಲು ನೆರವಾಗುವ, ಮಸೂರದ ಮುಂದೆ ಅಕ್ಷರಗಳನ್ನು ಮೂಡಿಸುವ ಸಾಧನವೊಂದಕ್ಕೆ ಹಕ್ಕುಸ್ವಾಮ್ಯವನ್ನೂ ಪಡೆದಿದ್ದರು. ಅವರು ಅಪೂರ್ಣವಾಗಿ ಬಿಟ್ಟುಹೋದ ಆತ್ಮಕಥೆಯನ್ನು ಪುತ್ರ ಗ್ರೆಗ್ ಪೂರ್ಣಗೊಳಿಸಿ 1996ರಲ್ಲಿ ಪ್ರಕಟಿಸಿದರು.